ಖಾಲಿ ನಳಿಗೆಯ ಆಚೆ ತುದಿ

ಮೊದಲು ಕೋವಿ ಮಡಿಸಿ ತೋರಿಸಬೇಕು.
ಎರಡೂ ನಳಿಗೆಯೊಳಗಿಂದ ಬೀದಿ ಕಾಣಬೇಕು,
ಎದುರಿನ ಸೋಡಾ ಅಂಗಡಿ, ಒರಗಿಸಿಟ್ಟ ಸೈಕಲ್ಲು.
ಅವರೊಮ್ಮೆ, ನಾನೊಮ್ಮೆ, ಮತ್ತೆ ಅವರೊಮ್ಮೆ ನೋಡಿ
"ಹ್ಞಾ, ಈಗ ಏರಿಸು. ನನ್ನ ಈ ಕಣ್ಣಿಗೇ ಹಿಡಿ" ಎಂದರು
ವಾಮನ ಮೇಸ್ತರು, ಕುಮಟೆಯ ಹಳೆ ಪೇಟೆಯಲ್ಲಿ,
ಆರಡಿ ಅಂಗಡಿಯ ಸ್ಟೂಲಿನ ಮೇಲೆ ಕೂತು.

ಹತ್ತೊಂಬತ್ತು ನನಗೆ. ಕೈ ನಡುಗಿತು.
ಮನುಷ್ಯರ ಕಡೆ ತಿರುಗಿಸಬೇಡ, ಖಾಲಿಯಿದ್ದರೂ,
ಇದು ಅಪ್ಪ ಕಲಿಸಿದ ಮೊದಲ ಪಾಠ.
ಮೇಸ್ತರು ಆಚೆ ತುದಿಯಲ್ಲಿ ಒಂದು ಕಣ್ಣು ಮುಚ್ಚಿ
ನಳಿಗೆಯ ಬೆನ್ನ ಮೇಲೆ ನಡೆದು ಬಂದವರಂತೆ ಬಂದು
ನನ್ನ ಕಣ್ಣ ಹೊಸ್ತಿಲಲ್ಲಿ ನಿಂತರು.
"ತಪ್ಪು ಕೋವೀದು ತಂಗಿ, ನಿಂದಲ್ಲ.
ನಿನ್ನ ಎಡಗಣ್ಣು ಯಜಮಾನ. ಬಲ ಹೆಗಲಿಗೆ ಏರಿಸಿದರೆ
ಬಿಲ್ಲೆ ಒಂದು ದಿಕ್ಕು, ಚರೆ ಒಂದು ದಿಕ್ಕು."

ಎರಡು ವರ್ಷ ಗಾಳಿಗೆ ಹೊಡೆದಿದ್ದೆ.
ಚಿರೆಕಲ್ಲು ಹೊಂಡದ ಅಂಚಿನಿಂದ ಹಾರಿದ ಮಣ್ಣಿನ ಬಿಲ್ಲೆ
ಇಡಿಯಾಗಿಯೇ ಹೋಗಿ ಹುಲ್ಲಲ್ಲಿ ಕೂರುತ್ತಿತ್ತು.
"ಇವಳಿಂದ ಕ್ಲಬ್ಬಿಗೆ ಉಳಿತಾಯ" ಎಂದು
ಗಂಡಸರು ನಗುತ್ತಿದ್ದರು, ಕೆಟ್ಟದಾಗೇನಲ್ಲ.

ಬಿಸಿ ಅಗಸೆ ಎಣ್ಣೆಯ ಬಟ್ಟೆ ಹಿಡಿಯ ಕತ್ತಿಗೆ ಸುತ್ತಿ
ಕಟ್ಟಿಗೆಯ ಇಕ್ಕಳದಲ್ಲಿ ಬಿಗಿದು, ಮೂರು ದಿನ,
ಒಂದೊಂದು ಎಳೆ ತಿರುಪು.
ಮರ ಬಾಗಿತು. ಸೀಳಲಿಲ್ಲ.
"ಮರಕ್ಕೆ ಮರವು ಇಲ್ಲ. ಮತ್ತೆ ನೆಟ್ಟಗಾಗೂಕೆ ನೋಡ್ತದೆ.
ಮಳೆಗಾಲ ಕಳೆದು ಒಮ್ಮೆ ತಾ."
ಅಪ್ಪನ ಕೋವಿ ನನ್ನದಾದದ್ದು ಹಾಗೆ.

ಒಂದು ಕಿವಿ ಪೂರ್ತಿ ಕೆಪ್ಪು. ತಿರುಗುಳಿಯ ಹಿಡಿ ಹಲ್ಲಲ್ಲಿ ಕಚ್ಚಿ
ಮೊನೆಯನ್ನು ಒಳಗಿನ ಕೀಲಿಗೆ ತಾಗಿಸಿ
ಕುದುರೆ ಬೀಳುವ ಸದ್ದನ್ನು ದವಡೆಯಲ್ಲಿ ಕೇಳುತ್ತಿದ್ದರು.
"ನಾಳೆ ಬಾ" ಎಂದರೆ ಎಷ್ಟು ತಿಂಗಳು, ಹೇಳಲಾಗದು:
ದೇವಿಮನೆ ಘಟ್ಟ ಇಳಿದು ಬಂದ ಶಿರಸಿಯ ಶೇಷಗಿರಿ ಜೋಶಿ
ಒಂದು ಸ್ಪ್ರಿಂಗಿಗೆ ಹನ್ನೊಂದು ಸಲ ಬೈದು ಹೋದ,
ಹನ್ನೆರಡನೆಯ ಸಲ ಬಾಳೆಗೊನೆ ತಂದ.

ಒಂದು ಸಂಜೆ ಜೀಪಿನಲ್ಲಿ ಯಾರೋ ಬಂದರು.
ನಳಿಗೆ ಒಂದು ಗೇಣು ಮೋಟು ಮಾಡಬೇಕು, ದುಡ್ಡೆಷ್ಟಾದರೂ ಸರಿ.
ಮೇಸ್ತರು ಗರಗಸ ತೆಗೆದರು, ಬೆಳಕಿಗೆ ಹಿಡಿದರು,
ಮೊಣಕಾಲಿಗೆ ಕೊಟ್ಟು ಅಲಗನ್ನು ಲಟ್ಟನೆ ಮುರಿದರು.
"ನಮ್ಮಲ್ಲಿ ಗರಗಸ ಇಲ್ಲ."

ಸತ್ತದ್ದು ಏಪ್ರಿಲಿನಲ್ಲಿ, ಚುನಾವಣೆಯ ಕಾಲ.
ಜಿಲ್ಲೆಯ ಕೋವಿಗಳೆಲ್ಲ ಕೊರಳಿಗೆ ಚೀಟಿ ಕಟ್ಟಿಸಿಕೊಂಡು
ಠಾಣೆಯ ಕೋಣೆಯಲ್ಲಿ ಸಾಲಾಗಿ ನಿಂತಿದ್ದವು.
ನಾವು ಮೂವತ್ತು ಜನ ಮಸಣದಲ್ಲಿ
ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತೆವು.
ಒಂದು ಗುಂಡೂ ಹಾರಲಿಲ್ಲ.
ಹಾರಿದ್ದರೆ, ತೋಟೆ ದಂಡ ಎಂದು ಅವರೇ ಬೈಯುತ್ತಿದ್ದರು.

ಆ ಭಾನುವಾರ ಹೊಂಡದ ಬಳಿ ಇನಾಸ ಸಿದ್ದಿ
ಏನೂ ಹೇಳದೆ ಒಂದು ಬಿಲ್ಲೆ ಹಾರಿಸಿದ.
ಬರಿಗೈಯವಳ ಎಡ ಹೆಗಲು ತಾನಾಗಿ ಮುಂದೆ ಬಂತು.
ಪಕ್ಕದಲ್ಲಿ ಯಾರದೋ ಕೊರಳು ಗೊರಗುಟ್ಟಿತು.
ಬಿಲ್ಲೆ ಇಡಿಯಾಗಿಯೇ ಹೋಗಿ ಹುಲ್ಲಲ್ಲಿ ಕೂತಿತು.
ಯಾರೂ ನಗಲಿಲ್ಲ.

ಮಳೆ ಹಿಡಿದ ಮೇಲೆ ಕೋವಿ ವಾಪಸು ಬಂತು,
ನಳಿಗೆಯ ಮೇಲೆ ಯಾವನೋ ಪೊಲೀಸನ
ಬೆವರ ಹೆಬ್ಬೆಟ್ಟು, ತುಕ್ಕಿನಲ್ಲಿ.
ಒರೆಸಿದೆ. ಮಡಿಸಿ ನೋಡಿದೆ, ಒಮ್ಮೆ, ಮತ್ತೊಮ್ಮೆ.
ಮೂರನೆಯ ಸಲವನ್ನೂ ನಾನೇ ನೋಡಿದೆ.
ಏರಿಸಿದರೆ ಕೆನ್ನೆಗೆ ಏನೋ ಒಂದು ಎಳೆ ವ್ಯತ್ಯಾಸ:
ಮರ ನೆಟ್ಟಗಾಗಲು ಹೊರಟಿದೆಯೋ,
ಈ ವಯಸ್ಸಿಗೆ ನಾನೇ ಬಾಗಿದೆನೋ,
ನೋಡಿ ಹೇಳಲು
ಆಚೆ ತುದಿಯಲ್ಲಿ ಕಣ್ಣಿಲ್ಲ.